ಜನಮತಗಣನೆಯ ಪ್ರಶ್ನೆ: ಗೋವೆಯ ಮತಪತ್ರದ ಒಂದು ವಿಮರ್ಶೆ

ಕೆಲವು ತಿಂಗಳುಗಳ ಹಿಂದೆ ನಮ್ಮ ಸಂಘದ ವಾಚನಾಲಯದಲ್ಲಿ ಗಡಿನಾಡಿನ ಪ್ರಶ್ನೆಯನ್ನು ಕುರಿತು ಒಂದು ಸಣ್ಣ ಗೋಷ್ಠಿ ನಡೆಯಿತು. ಭಾಷಣಗಳು ಮುಗಿದು ಚರ್ಚೆಗೆ ಅವಕಾಶವಾದಾಗ, ಖಾನಾಪುರದ ಕಡೆಯಿಂದ ಬಂದು ಐವತ್ತು ವರ್ಷಗಳಿಂದ ಮುಂಬಯಿಯಲ್ಲಿಯೇ ನೆಲಸಿರುವ ಹಿರಿಯರೊಬ್ಬರು ಎದ್ದು ನಿಂತರು. "ಇಷ್ಟೆಲ್ಲ ವಾದ ಯಾತಕ? 1967ರಾಗ ಗೋವಾದಾಗ ಮಾಡಿದ್ರಲ್ಲ, ಹಂಗ ಬೆಳಗಾವಿಯೊಳಗೂ ಒಂದು ದಿವಸ ಮತ ಹಾಕಿಸಿಬಿಡ್ಲಿ. ಜನ ಏನಂತಾರೋ ಅದೇ ಆಗ್ಲಿ. ನೀವು ಬ್ಯಾಂಕಿನವರು, ಲೆಕ್ಕ ಬಲ್ಲವರು. ಹೇಳ್ರಿ, ಇದರಾಗ ತಪ್ಪೇನದ?" ಎಂದು ನೇರವಾಗಿ ನನ್ನನ್ನೇ ಕೇಳಿದರು. ಸಭೆಯಲ್ಲಿ ಅನೇಕರು ತಲೆದೂಗಿದರು. ಅಂದು ನಾನು ಕೊಟ್ಟ ಉತ್ತರ ನನಗೇ ಸಮಾಧಾನಕರವಾಗಿರಲಿಲ್ಲ. ಪ್ರಕೃತ ಲೇಖನವು ಆ ಉತ್ತರವನ್ನು ತಿದ್ದಿ ಬರೆಯುವ ಪ್ರಯತ್ನವೆಂದು ವಾಚಕರು ಭಾವಿಸಬಹುದು.

'ಜನರನ್ನೇ ಕೇಳಿಬಿಡೋಣ' ಎಂಬ ಮಾತಿಗೆ ಎದುರಾಡುವುದು ಕಷ್ಟ. ಜನತೆಯೇ ಪ್ರಭುವೆಂದು ಒಪ್ಪಿದ ಮೇಲೆ ಪ್ರಭುವಿನ ಅಪ್ಪಣೆಯನ್ನು ಕೇಳಬಾರದೆನ್ನುವವನು ಯಾರು? ಆದರೆ ಜನ ತಾವಾಗಿಯೇ ಮಾತನಾಡುವುದಿಲ್ಲ. ಅವರ ಮುಂದೆ ಒಂದು ಕಾಗದವನ್ನು ಇಡಲಾಗುತ್ತದೆ. ಆ ಕಾಗದದಲ್ಲಿ ಏನನ್ನು ಬರೆಯಬೇಕು, ಯಾವ ದಿನ ಅದನ್ನು ಕೊಡಬೇಕು, ಯಾರ ಕೈಗೆ ಕೊಡಬೇಕು, ತುಂಬಿಬಂದ ಕಾಗದಗಳನ್ನು ಊರೂರಿಗೆ ಎಣಿಸಬೇಕೋ ಒಟ್ಟಾಗಿ ಎಣಿಸಬೇಕೋ ಎಂಬುದೆಲ್ಲ ಮತದಾನಕ್ಕೆ ಮೊದಲೇ ತೀರ್ಮಾನವಾಗಿರುತ್ತದೆ. ಸಾಹಿತ್ಯವಿಮರ್ಶಕನು ಒಂದು ಪದ್ಯವನ್ನು ಓದುವಷ್ಟು ಎಚ್ಚರದಿಂದ ಮತಪತ್ರವನ್ನೂ ಓದಬೇಕೆಂಬುದು ನನ್ನ ಅಭಿಪ್ರಾಯ. ನಾಲ್ಕು ಸಾಲಿನ ಆ ಕಾಗದದಷ್ಟು ಪರಿಣಾಮಕಾರಿಯಾದ ಗದ್ಯ ಲೋಕದಲ್ಲಿ ಹೆಚ್ಚಿಲ್ಲ.

ಹೆಸರುಗಳ ವಿಚಾರವನ್ನು ಮೊದಲು ಮುಗಿಸುತ್ತೇನೆ. ಪ್ಲೆಬಿಸೈಟ್ ಎಂಬುದು ರೋಮಿನ ಸಾಮಾನ್ಯಜನರು ತಮ್ಮ ಸಭೆಯಲ್ಲಿ ಮಾಡುತ್ತಿದ್ದ ನಿರ್ಣಯದಿಂದ ಬಂದ ಮಾತು. ರೆಫರೆಂಡಮ್ ಎಂಬುದು ರಾಯಭಾರಿಯ ಮಾತು. ತನಗೆ ಅಧಿಕಾರ ಸಾಲದ ವಿಷಯವನ್ನು ತನ್ನನ್ನು ಕಳುಹಿಸಿದವರ ಮುಂದಿಟ್ಟು ಕೇಳಿಕೊಂಡು ಬರುವುದು ಅದರ ಅರ್ಥ. ರೂಢಿಯಲ್ಲಿ ಪ್ರದೇಶ ಯಾರಿಗೆ ಸೇರಬೇಕು, ನಾಯಕ ಮುಂದುವರಿಯಬೇಕೆ ಎಂಬ ಪ್ರಶ್ನೆಗಳಿಗೆ ಮೊದಲನೆಯದನ್ನೂ, ಕಾನೂನು ಮತ್ತು ಸಂವಿಧಾನದ ಪ್ರಶ್ನೆಗಳಿಗೆ ಎರಡನೆಯದನ್ನೂ ಬಳಸುವರು. ಕನ್ನಡದಲ್ಲಿ ಜನಮತಗಣನೆಯೆಂಬ ಒಂದೇ ಪದ ಎರಡಕ್ಕೂ ಸಲ್ಲುತ್ತದೆ. ಭೇದವನ್ನು ಬಹಳ ಬೆಳೆಸಬೇಕಾಗಿಲ್ಲ.

ಹೆಸರಿಗಿಂತ ಮುಖ್ಯವಾದುದು ಯಾರು ಕೇಳುತ್ತಾರೆಂಬುದು. ಸ್ವಿಟ್ಜರ್ಲೆಂಡಿನಲ್ಲಿ ಸಂವಿಧಾನದ ತಿದ್ದುಪಡಿಯನ್ನು ಜನರ ಮುಂದೆ ಇಡದೆ ಗತ್ಯಂತರವಿಲ್ಲ; ಪಾರ್ಲಿಮೆಂಟು ಮಾಡಿದ ಕಾನೂನನ್ನು ನೂರು ದಿನಗಳೊಳಗೆ 50,000 ಸಹಿ ಕೂಡಿಸಿ ಜನಮತಕ್ಕೆ ಎಳೆಯಬಹುದು; ಒಂದು ಲಕ್ಷ ಸಹಿಗಳಿದ್ದರೆ ಸಂವಿಧಾನಕ್ಕೆ ಹೊಸ ತಿದ್ದುಪಡಿಯನ್ನೇ ಸೂಚಿಸಬಹುದು. ಅಲ್ಲಿ ಪ್ರಶ್ನೆಯ ಕಾಲವನ್ನು ಸರ್ಕಾರವು ತನ್ನ ಅನುಕೂಲಕ್ಕೆ ತಕ್ಕಂತೆ ಆರಿಸಿಕೊಳ್ಳಲು ಅಷ್ಟಾಗಿ ಆಸ್ಪದವಿಲ್ಲ. ಅಂಥ ವ್ಯವಸ್ಥೆಯೂ ನಿರ್ದೋಷವಲ್ಲವೆನ್ನಿ. ಹೆಂಗಸರಿಗೆ ಮತಾಧಿಕಾರ ಕೊಡಬೇಕೆ ಎಂದು 1959ರಲ್ಲಿ ಅಲ್ಲಿಯ ಗಂಡಸರನ್ನು ಕೇಳಿದಾಗ ಮೂರರಲ್ಲಿ ಎರಡು ಪಾಲು ಬೇಡವೆಂದರು. 1971ರ ವರೆಗೆ ಹೆಂಗಸರು ಕಾಯಬೇಕಾಯಿತು. ಯಾರ ಹಕ್ಕಿನ ಪ್ರಶ್ನೆಯೋ ಅವರೇ ಮತದಾರರ ಪಟ್ಟಿಯಲ್ಲಿರಲಿಲ್ಲ.

ಉಳಿದ ದೇಶಗಳಲ್ಲಿ ಬಹುಮಟ್ಟಿಗೆ ಕೇಳುವವರು ಆಳುವವರೇ. ನೆಪೋಲಿಯನ್ ಬೋನಪಾರ್ಟನು ಅಧಿಕಾರವನ್ನು ಹಿಡಿದ ಮೇಲೆ ತನ್ನ ಸಂವಿಧಾನವನ್ನು ಫ್ರೆಂಚ್ ಜನರ ಒಪ್ಪಿಗೆಗೆ ಇಟ್ಟನು. ಒಪ್ಪಿಗೆ ಬರುವ ಮೊದಲೇ, 1799ರ ಡಿಸೆಂಬರಿನಲ್ಲಿ, ಅದು ಜಾರಿಗೂ ಬಂದಿತು! 1800ರಲ್ಲಿ ಪ್ರಕಟವಾದ ಲೆಕ್ಕ: ಪರವಾಗಿ 30,11,007, ವಿರುದ್ಧವಾಗಿ 1,562. ಜನರು ತಮ್ಮ ಹೆಸರನ್ನು ಎಲ್ಲರಿಗೂ ಕಾಣುವ ರಿಜಿಸ್ಟರಿನಲ್ಲಿ ಬರೆದು ಮತ ಕೊಡಬೇಕಾಗಿದ್ದಿತು. ಕೂಡಿಸಿದವನು ಒಳಾಡಳಿತದ ಮಂತ್ರಿಯಾಗಿದ್ದ ಅವನ ತಮ್ಮ ಲೂಸಿಯನ್. ಫ್ರೆಂಚ್ ಇತಿಹಾಸಕಾರ ಕ್ಲೋದ್ ಲಾಂಗ್ಲ್ವಾ ಮೂಲ ರಿಜಿಸ್ಟರುಗಳನ್ನು ಮತ್ತೆ ಎಣಿಸಿ, ನಿಜವಾಗಿ ಬಿದ್ದ ಮತಗಳು ಸುಮಾರು ಹದಿನೈದು ಲಕ್ಷ ಮಾತ್ರವೆಂದು 1970ರ ದಶಕದಲ್ಲಿ ತೋರಿಸಿದರು. ನಮ್ಮ ಬ್ಯಾಂಕುಗಳಲ್ಲಿ ಒಂದು ಹಳೆಯ ನಿಯಮವಿದೆ: ವೋಚರನ್ನು ಬರೆದ ಕೈ ಅದನ್ನು ಪಾಸು ಮಾಡಕೂಡದು. ಹತ್ತು ರೂಪಾಯಿಯ ವೋಚರಿಗೂ ಅನ್ವಯಿಸುವ ಈ ನಿಯಮವು ಒಂದು ರಾಷ್ಟ್ರದ ಭವಿಷ್ಯಕ್ಕೆ ಅನ್ವಯಿಸದಿದ್ದುದು ವಿಚಿತ್ರ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ನಮ್ಮ ಗಾದೆಯನ್ನು ಅಂದಿನ ಪ್ಯಾರಿಸ್ಸಿಗೆ ಯಾರಾದರೂ ಕಳುಹಿಸಬೇಕಾಗಿತ್ತು.

ಇಂಥ ಬಹಿರಂಗವಾದ ಕಪಟ ವಿಮರ್ಶೆಯ ಶ್ರಮವನ್ನು ಬೇಡುವುದಿಲ್ಲ. 1938ರ ಏಪ್ರಿಲಿನಲ್ಲಿ ಆಸ್ಟ್ರಿಯದವರ ಕೈಗೆ ಕೊಟ್ಟ ಮತಪತ್ರದಲ್ಲಿ 'ಹೌದು' ಎಂಬುದಕ್ಕೆ ನಡುವೆ ದೊಡ್ಡ ವೃತ್ತ, 'ಇಲ್ಲ' ಎಂಬುದಕ್ಕೆ ಬದಿಯಲ್ಲಿ ಸಣ್ಣ ವೃತ್ತ. ಸೈನ್ಯವು ಒಂದು ತಿಂಗಳ ಮೊದಲೇ ದೇಶದೊಳಗೆ ಬಂದು ಕುಳಿತಿತ್ತು. ಅದನ್ನು ಓದಲು ಕಣ್ಣಿದ್ದರೆ ಸಾಕು. ಕಷ್ಟವಿರುವುದು ಪ್ರಾಮಾಣಿಕವಾಗಿ ನಡೆದ, ಎಣಿಕೆಯಲ್ಲಿ ದೋಷವಿಲ್ಲದ ಜನಮತಗಣನೆಗಳನ್ನು ಓದುವುದರಲ್ಲಿ. ಆ ಹಿರಿಯರು ಹೆಸರಿಸಿದ ಗೋವೆಯು ಅಂಥದೊಂದು ಉದಾಹರಣೆ. ಸ್ವತಂತ್ರ ಭಾರತದಲ್ಲಿ ನಡೆದ ಇಂಥ ಪ್ರಯೋಗಗಳಲ್ಲಿ ಅತ್ಯುತ್ತಮವಾದುದು ಅದೇ ಎಂದು ಹೇಳಿದರೆ ತಪ್ಪಾಗಲಾರದು.

1961ರ ಡಿಸೆಂಬರಿನಲ್ಲಿ ಪೋರ್ತುಗೀಜರ ಆಳಿಕೆ ಕೊನೆಗೊಂಡು ಗೋವೆ, ದಮನ್, ದೀವ್‌ಗಳು ಕೇಂದ್ರಾಡಳಿತ ಪ್ರದೇಶವಾದುವು. 1963ರ ಡಿಸೆಂಬರಿನಲ್ಲಿ ಮೊದಲ ಚುನಾವಣೆ ನಡೆದಾಗ ಎರಡು ಪಕ್ಷಗಳು ಎದ್ದು ನಿಂತುವು. ದಯಾನಂದ ಬಾಂದೋಡಕರರ ಮಹಾರಾಷ್ಟ್ರವಾದಿ ಗೋಮಾಂತಕ ಪಕ್ಷದ ಉದ್ದೇಶ ಅದರ ಹೆಸರಿನಲ್ಲಿಯೇ ಇದೆ: ಗೋವೆಯು ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕು. ಡಾ. ಜ್ಯಾಕ್ ದ ಸಿಕ್ವೇರರ ಯುನೈಟೆಡ್ ಗೋವನ್ಸ್ ಪಕ್ಷದ ಉದ್ದೇಶ ಅದನ್ನು ತಡೆಯುವುದು. ಗೆದ್ದವರು ಬಾಂದೋಡಕರರು. ವಿಧಾನಸಭೆಯಲ್ಲಿ ಬಹುಮತವಿದ್ದ ಮೇಲೆ ವಿಲೀನದ ನಿರ್ಣಯವನ್ನು ಅಲ್ಲಿಯೇ ಮಾಡಿದರಾಯಿತೆಂಬುದು ಅವರ ಪಕ್ಷದವರ ವಾದ. ಸರ್ಕಾರ ನಡೆಸಲೆಂದು ಕೊಟ್ಟ ಮತವನ್ನು ನಾಡನ್ನೇ ಕರಗಿಸಲು ಬಳಸಕೂಡದೆಂಬುದು ಸಿಕ್ವೇರರ ವಾದ. ಅಂದಿನ ಮೈಸೂರು ಸರ್ಕಾರವೂ ವಿಲೀನವನ್ನು ಒಪ್ಪಿರಲಿಲ್ಲ. ಕಾರವಾರದ ನೆರೆಯಲ್ಲಿರುವ ನಾಡು ಯಾರ ಪಾಲಾಗುವುದೆಂಬುದು ನಮಗೂ ಉದಾಸೀನದ ವಿಷಯವಾಗಿರಲಿಲ್ಲವಷ್ಟೆ. ಕೊನೆಗೆ ದಿಲ್ಲಿಯು ಜನರನ್ನೇ ಕೇಳಲು ನಿಶ್ಚಯಿಸಿತು. 1966ರ ಡಿಸೆಂಬರಿನಲ್ಲಿ ಪಾರ್ಲಿಮೆಂಟು ಅದಕ್ಕಾಗಿಯೇ ಒಂದು ಕಾಯಿದೆಯನ್ನು ಮಾಡಿತು.

ಆ ಕಾಯಿದೆಯ ಹೆಸರನ್ನು ಗಮನಿಸಿ. ಅದರಲ್ಲಿ ಪ್ಲೆಬಿಸೈಟ್ ಎಂಬ ಪದವಿಲ್ಲ, ರೆಫರೆಂಡಮ್ ಎಂಬ ಪದವೂ ಇಲ್ಲ; ಒಪಿನಿಯನ್ ಪೋಲ್, ಅಂದರೆ ಅಭಿಪ್ರಾಯದ ಮತದಾನ, ಎಂದಿಷ್ಟೇ ಇದೆ. ನಮ್ಮ ಸಂವಿಧಾನದಲ್ಲಿ ಜನಮತಗಣನೆಗೆ ಸ್ಥಾನವಿಲ್ಲ. ರಾಜ್ಯಗಳ ಮೇರೆಗಳನ್ನು ಬದಲಾಯಿಸುವ ಅಧಿಕಾರವನ್ನು ಮೂರನೆಯ ಅನುಚ್ಛೇದವು ಪಾರ್ಲಿಮೆಂಟಿಗೆ ಕೊಟ್ಟಿದೆ. ಸಂಬಂಧಪಟ್ಟ ರಾಜ್ಯದ ವಿಧಾನಮಂಡಲದ ಅಭಿಪ್ರಾಯವನ್ನು ಕೇಳಬೇಕು, ಕೇಳಿದಂತೆ ನಡೆಯಬೇಕಾಗಿಲ್ಲ. ಹೀಗಿರಲು ಜನರ ಮಾತು ಪಾರ್ಲಿಮೆಂಟನ್ನು ಕಟ್ಟಿಹಾಕುತ್ತದೆಂದು ಸೂಚಿಸುವ ಪದವನ್ನು ಕಾನೂನು ಬರೆದವರು ದೂರವಿಟ್ಟರು. ಇನ್ನೊಂದು ಕಾರಣವನ್ನೂ ಊಹಿಸಬಹುದು. ಪ್ಲೆಬಿಸೈಟ್ ಎಂಬ ಪದ ಅಂದಿನ ಭಾರತದಲ್ಲಿ ಕಾಶ್ಮೀರದ ನೆನಪನ್ನು ಹೊತ್ತಿತ್ತು. 1949ರಲ್ಲಿ ಅಮೆರಿಕದ ನೌಕಾದಳದ ಅಡ್ಮಿರಲ್ ನಿಮಿಟ್ಸ್ ಅವರನ್ನು ಅಲ್ಲಿಯ ಜನಮತಗಣನೆಯ ಆಡಳಿತಾಧಿಕಾರಿಯೆಂದು ಹೆಸರಿಸಿದ್ದೂ ಆಗಿತ್ತು, ಗಣನೆ ಮಾತ್ರ ನಡೆಯಲೇ ಇಲ್ಲ.

ಮತದಾನ ನಡೆದುದು 1967ರ ಜನವರಿ 16ರಂದು. ಮತ ನಿಷ್ಪಕ್ಷಪಾತವಾಗಿ ನಡೆಯಲೆಂದು ಬಾಂದೋಡಕರರ ಮಂತ್ರಿಮಂಡಲವು ಡಿಸೆಂಬರಿನಲ್ಲಿಯೇ ರಾಜೀನಾಮೆ ಕೊಟ್ಟು ಹೊರಗೆ ನಿಂತಿತ್ತು. ವೋಚರು ಬರೆದ ಕೈ ಪಾಸು ಮಾಡಕೂಡದೆಂಬ ನಮ್ಮ ನಿಯಮವನ್ನು ಗೋವೆಯಲ್ಲಿ ಪಾಲಿಸಲಾಯಿತು ಎಂಬುದು ಸಂತೋಷದ ವಿಷಯ. ಗೆಲ್ಲುವ ಭರವಸೆಯಿದ್ದ ಪಕ್ಷವೇ ಅದಕ್ಕೆ ಒಪ್ಪಿದ್ದು ಇನ್ನೂ ಹೆಚ್ಚಿನದು. ವಿಲೀನಕ್ಕೆ ಹೂವು, ಕೇಂದ್ರಾಡಳಿತಕ್ಕೆ ಎರಡು ಎಲೆ, ಹೀಗೆ ಎರಡು ಚಿಹ್ನೆಗಳು. ಸುಮಾರು 3 ಲಕ್ಷ 88 ಸಾವಿರ ಮತದಾರರಲ್ಲಿ 3,17,633 ಮಂದಿ ಬಂದು ಮತ ಹಾಕಿದರು. ಎಲೆಗಳಿಗೆ 1,72,191, ಹೂವಿಗೆ 1,38,170. ಅಂತರ 34,021. ಗೋವೆ ಗೋವೆಯಾಗಿಯೇ ಉಳಿಯಿತು.

ಎರಡೇ ತಿಂಗಳಲ್ಲಿ, ಮಾರ್ಚಿನಲ್ಲಿ, ವಿಧಾನಸಭೆಗೆ ಚುನಾವಣೆ ನಡೆಯಿತು. ಗೆದ್ದವರು ಯಾರು? ಪುನಃ ಬಾಂದೋಡಕರರೇ.

ಈ ಸಂಗತಿಯನ್ನು ಓದಿ ಮುಂದಕ್ಕೆ ಹೋಗದೆ ಸ್ವಲ್ಪ ನಿಲ್ಲಬೇಕು. ವಿಲೀನವಾದಿ ಪಕ್ಷವನ್ನು 1963ರಲ್ಲಿ ಆರಿಸಿದ ಜನ 1967ರ ಜನವರಿಯಲ್ಲಿ ವಿಲೀನವನ್ನು ನಿರಾಕರಿಸಿ, ಮಾರ್ಚಿನಲ್ಲಿ ಅದೇ ಪಕ್ಷವನ್ನು ಪುನಃ ಅಧಿಕಾರಕ್ಕೆ ತಂದರು. ಅವರು ಚಂಚಲರೆ? ನನಗೆ ಹಾಗೆ ತೋರುವುದಿಲ್ಲ. ಬಾಂದೋಡಕರರು ಹಿಂದುಳಿದವರ, ಗೇಣಿದಾರರ ಪ್ರೀತಿಯನ್ನು ಗಳಿಸಿದ್ದರು. ಹಳ್ಳಿಗಳಲ್ಲಿ ಶಾಲೆಗಳನ್ನು ತೆರೆದಿದ್ದರು. ಅವರಿಗೆ ಕೊಟ್ಟ ಮತದಲ್ಲಿ ಇದೆಲ್ಲಕ್ಕೂ ಪಾಲಿತ್ತು. ವಿಲೀನದ ಪ್ರಶ್ನೆಯನ್ನು ಬೇರ್ಪಡಿಸಿ ಕೇಳಿದಾಗ ಉತ್ತರವೂ ಬೇರೆಯಾಯಿತು. ಒಂದೇ ಖಾತೆಯಲ್ಲಿ ಹತ್ತು ಬಾಬುಗಳನ್ನು ಸೇರಿಸಿ ಬರೆದಿದ್ದರೆ ಒಟ್ಟು ಮೊತ್ತವನ್ನು ನೋಡಿ ಯಾವ ಬಾಬಿನಲ್ಲಿ ನಷ್ಟವೆಂದು ಹೇಳಲಾಗದು. ಚುನಾವಣೆಯ ಫಲಿತಾಂಶವೂ ಅಂಥ ಒಟ್ಟು ಮೊತ್ತವೇ. ಜನಮತಗಣನೆಯ ಪರವಾಗಿ ಹೇಳಬಹುದಾದ ಅತ್ಯಂತ ಗಟ್ಟಿಯಾದ ಮಾತು ಇದೇ.

ಇನ್ನೊಂದು ಸಂಗತಿಯೂ ಭಾಷಾಭಿಮಾನಿಗಳಾದ ನಾವು ಮನಸ್ಸಿಗೆ ತಂದುಕೊಳ್ಳತಕ್ಕದ್ದಾಗಿದೆ. ವಿಲೀನದ ವಿರುದ್ಧ ಹೋರಾಡಿದ ಮುಖ್ಯ ಪತ್ರಿಕೆಯಾದ 'ರಾಷ್ಟ್ರಮತ'ವು ಮರಾಠಿ ಪತ್ರಿಕೆ. ಉದಯ ಭೆಂಬ್ರೆಯವರು ಅದರಲ್ಲಿ 'ಬ್ರಹ್ಮಾಸ್ತ್ರ'ವೆಂಬ ಅಂಕಣವನ್ನು ಬರೆಯುತ್ತಿದ್ದರು. ಕೊಂಕಣಿಯು ಮರಾಠಿಯ ಉಪಭಾಷೆಯಲ್ಲವೆಂಬ ವಾದವನ್ನು ಮರಾಠಿಯಲ್ಲಿಯೇ ಮಂಡಿಸಿ, ಮರಾಠಿ ಓದುವ ಹಿಂದೂಗಳಿಗೆ ಮಹಾರಾಷ್ಟ್ರವು ಬೇಡವೆಂದು ಮನಗಾಣಿಸಿದವರು ಅವರು. ಒಬ್ಬನು ಯಾವ ಭಾಷೆಯಲ್ಲಿ ಓದುತ್ತಾನೆಂಬುದರಿಂದ ಅವನು ಯಾವ ರಾಜ್ಯವನ್ನು ಬಯಸುತ್ತಾನೆಂದು ಊಹಿಸುವವರಿಗೆ ಇದಕ್ಕಿಂತ ಒಳ್ಳೆಯ ತಿದ್ದುಪಡಿ ಸಿಗಲಾರದು.

ಇಷ್ಟು ಮೆಚ್ಚಿಕೊಂಡ ಮೇಲೆ ಮತಪತ್ರದ ಕೊರತೆಯನ್ನೂ ಹೇಳಬೇಕು. ಗೋವೆಯವರ ಮುಂದೆ ಇಟ್ಟ ಮಾರ್ಗಗಳು ಎರಡೇ: ಮಹಾರಾಷ್ಟ್ರ, ಇಲ್ಲವೆ ಕೇಂದ್ರಾಡಳಿತ. ಸ್ವತಂತ್ರ ರಾಜ್ಯವಾಗಬೇಕೆಂಬವನಿಗೆ ಅಲ್ಲಿ ಗುರುತು ಹಾಕಲು ಸ್ಥಳವಿರಲಿಲ್ಲ. ಮೈಸೂರಿನೊಡನೆ ಸೇರಬೇಕೆನ್ನುವ ಒಬ್ಬಿಬ್ಬರಿದ್ದರೆ ಅವರಿಗೂ ಇರಲಿಲ್ಲ. ಕೇಂದ್ರಾಡಳಿತವನ್ನು ಎಂದೆಂದಿಗೂ ಬಯಸಿದವರೆಷ್ಟು, ವಿಲೀನವನ್ನು ತಪ್ಪಿಸಿಕೊಳ್ಳಲು ಮಾತ್ರ ಎಲೆಗಳ ಕೆಳಗೆ ನಿಂತವರೆಷ್ಟು ಎಂಬುದು ಆ 1,72,191ರಲ್ಲಿ ಮರೆಯಾಗಿದೆ. 1987ರ ಮೇ 30ರಂದು ಗೋವೆಯು ರಾಜ್ಯವಾದಾಗ, ಇಪ್ಪತ್ತು ವರ್ಷಗಳ ಹಿಂದೆ ಕೇಳದೆ ಬಿಟ್ಟ ಪ್ರಶ್ನೆಗೆ ಉತ್ತರ ದೊರೆಯಿತೆನ್ನಬೇಕು. ಆಗ ಜನರನ್ನು ಮತಗಟ್ಟೆಗೆ ಕರೆಯಲಿಲ್ಲ, ಪಾರ್ಲಿಮೆಂಟೇ ಮಾಡಿತು.

ಬಿಟ್ಟುಹೋದ ಮೂರನೆಯ ಮಾರ್ಗವು ಎಷ್ಟು ಕ್ರೂರವಾಗಬಹುದೆಂಬುದನ್ನು ವಾಯವ್ಯ ಗಡಿಪ್ರಾಂತದ ಜನ 1947ರ ಜುಲೈಯಲ್ಲಿ ಕಂಡರು. ಪ್ರಶ್ನೆ ಭಾರತವೋ ಪಾಕಿಸ್ತಾನವೋ ಎಂದಷ್ಟೇ. ಪಠಾಣರದೇ ನಾಡೆಂಬ ಮಾರ್ಗವೂ ಇರಲೆಂದು ಖಾನ್ ಅಬ್ದುಲ್ ಗಫಾರ್ ಖಾನರು ಕೇಳಿದರು, ಸಿಗಲಿಲ್ಲ. ಅವರ ಅನುಯಾಯಿಗಳು ಮತದಾನವನ್ನು ಬಹಿಷ್ಕರಿಸಿದರು. ಪಾಕಿಸ್ತಾನಕ್ಕೆ 2,89,244, ಭಾರತಕ್ಕೆ 2,874. ಬರಿಯ ಈ ಎರಡು ಸಂಖ್ಯೆಗಳನ್ನು ನೋಡಿದವರು ನೂರಕ್ಕೆ ತೊಂಬತ್ತೊಂಬತ್ತು ಎಂದುಕೊಳ್ಳುವರು. ಪಟ್ಟಿಯಲ್ಲಿದ್ದವರು 5,72,798 ಎಂಬುದನ್ನು ಪಕ್ಕದಲ್ಲಿಟ್ಟರೆ ಆ ತೊಂಬತ್ತೊಂಬತ್ತು ಐವತ್ತಕ್ಕೆ ಇಳಿಯುತ್ತದೆ. ಮನೆಯಲ್ಲಿ ಉಳಿದವರಲ್ಲಿ ಉದಾಸೀನರೆಷ್ಟು, ಬಹಿಷ್ಕರಿಸಿದವರೆಷ್ಟು? ಯಾವ ಲೆಡ್ಜರಿನಲ್ಲಿಯೂ ಅದು ಬರೆದಿಲ್ಲ. ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯದಲ್ಲಿ ಫ್ರಾನ್ಸಿನಿಂದ ಬೇರೆಯಾಗಬೇಕೆ ಎಂದು ಮೂರು ಸಲ ಕೇಳಿದಾಗಲೂ ಇದೇ ಕಥೆ. 2018ರಲ್ಲಿ ಬೇಡವೆಂದವರು ನೂರಕ್ಕೆ 56.7, 2020ರಲ್ಲಿ 53.3, 2021ರಲ್ಲಿ ಸ್ವಾತಂತ್ರ್ಯವಾದಿಗಳು ಬಹಿಷ್ಕರಿಸಿದಾಗ ಅದು 96.5ಕ್ಕೆ ಏರಿತು. ಒಂದೇ ವರ್ಷದಲ್ಲಿ ಆ ದ್ವೀಪದ ಮನಸ್ಸು ಅಷ್ಟು ಬದಲಾಯಿತೆಂದು ನಂಬುವವರು ಯಾರೂ ಇಲ್ಲ.

ಎರಡು ಪ್ರಶ್ನೆಗಳನ್ನು ಒಂದೇ ದಾರದಲ್ಲಿ ಕಟ್ಟುವುದು ಇನ್ನೊಂದು ಬಗೆ. 1975ರ ಏಪ್ರಿಲ್ 10ರಂದು ಸಿಕ್ಕಿಮಿನ ವಿಧಾನಸಭೆಯು ಚೋಗ್ಯಾಲರ ಅರಸೊತ್ತಿಗೆಯನ್ನು ತೆಗೆದುಹಾಕಿ ಭಾರತದ ಅಂಗವಾಗಬೇಕೆಂದು ನಿರ್ಣಯಿಸಿತು. ನಾಲ್ಕೇ ದಿನಗಳಲ್ಲಿ, 14ರಂದು, ಜನರು ಅದನ್ನು ಅನುಮೋದಿಸಬೇಕಾಯಿತು. ಪರವಾಗಿ 59,637, ವಿರುದ್ಧವಾಗಿ 1,496. ಅರಸ ಬೇಡ, ಆದರೆ ನಾಡು ಬೇರೆಯಾಗಿಯೇ ಇರಲಿ ಎನ್ನುವ ಪ್ರಜೆಯು ಆ ಕಾಗದದ ಮೇಲೆ ಏನು ಮಾಡಬಹುದಾಗಿತ್ತು? ಅಂಥವರು ಬಹಳ ಮಂದಿಯಿದ್ದರೆಂದು ನಾನು ಹೇಳುತ್ತಿಲ್ಲ. ಅಂದು ರಾಜಮನೆತನದ ಮೇಲೆ ಜನಕ್ಕಿದ್ದ ಅಸಮಾಧಾನ ಅಲ್ಲಗಳೆಯುವಂಥದಲ್ಲ. ಆದರೆ ಇದ್ದರೋ ಇಲ್ಲವೋ ಎಂದು ತಿಳಿಯುವ ದಾರಿಯನ್ನೇ ಪ್ರಶ್ನೆ ಮುಚ್ಚಿತು. ಭಾರತೀಯರಾದ ನಾವು ಈ ಮಾತನ್ನು ನೆರೆಯವರನ್ನು ಕುರಿತು ಹೇಳುವಷ್ಟು ಸುಲಭವಾಗಿ ನಮ್ಮನ್ನು ಕುರಿತು ಹೇಳಿಕೊಳ್ಳುವುದಿಲ್ಲ. ಪಾಕಿಸ್ತಾನದಲ್ಲಿ 1984ರ ಡಿಸೆಂಬರಿನಲ್ಲಿ ಜನರಲ್ ಜಿಯಾ ಉಲ್ ಹಕ್ ಅವರು ಕಾನೂನುಗಳನ್ನು ಇಸ್ಲಾಮಿಗೆ ಅನುಗುಣವಾಗಿಸುವುದನ್ನು ಒಪ್ಪುವಿರಾ ಎಂದು ಕೇಳಿ, 'ಹೌದು' ಎಂದವರೆಲ್ಲರೂ ತಮ್ಮನ್ನು ಐದು ವರ್ಷಗಳಿಗೆ ಅಧ್ಯಕ್ಷರನ್ನಾಗಿ ಆರಿಸಿದರೆಂದು ಸಾರಿದಾಗ ನಮ್ಮ ಪತ್ರಿಕೆಗಳಿಗೆ ನಗಲು ಕಾರಣವಿತ್ತು. ಆ ತಂತ್ರದ ಸೌಮ್ಯರೂಪವನ್ನು ಗ್ಯಾಂಗ್ಟಾಕಿನಲ್ಲಿ ಗುರುತಿಸಲು ನಮಗೆ ಕಣ್ಣು ಬೇಕು.

ಪ್ರಶ್ನೆಯ ಮಾತುಗಳನ್ನು ತೂಗಿನೋಡುವ ಪದ್ಧತಿಯೂ ಈಚೆಗೆ ಬೆಳೆದಿದೆಯೆಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. 2014ರಲ್ಲಿ ಸ್ಕಾಟ್ಲೆಂಡಿನ ಸರ್ಕಾರವು 'ಸ್ಕಾಟ್ಲೆಂಡು ಸ್ವತಂತ್ರ ದೇಶವಾಗಬೇಕೆಂಬುದನ್ನು ನೀವು ಒಪ್ಪುವಿರಾ' ಎಂದು ಕೇಳಬೇಕೆಂದಿತ್ತು. ಒಪ್ಪುವಿರಾ ಎಂದು ಕೇಳಿದರೆ ಒಪ್ಪುವುದು ಮನುಷ್ಯನ ದಾಕ್ಷಿಣ್ಯವೆಂದು ಚುನಾವಣಾ ಆಯೋಗವು ಕಂಡುಕೊಂಡು 'ಸ್ವತಂತ್ರ ದೇಶವಾಗಬೇಕೆ' ಎಂದಷ್ಟೇ ಕೇಳಿಸಿತು. ಕೆನಡದ ಕ್ವಿಬೆಕ್ ಪ್ರಾಂತದಲ್ಲಿ ಇಂಥ ಕಾವಲಿರಲಿಲ್ಲ. 1980ರಲ್ಲಿ ಅಲ್ಲಿಯವರ ಮುಂದೆ ಇಟ್ಟ ಪ್ರಶ್ನೆ ನೂರಕ್ಕೂ ಹೆಚ್ಚು ಪದಗಳದು. ಬೇರೆಯಾಗಬೇಕೆ ಎಂದು ಕೇಳದೆ, ಬೇರೆಯಾಗುವುದರ ಬಗ್ಗೆ ಮಾತುಕತೆ ನಡೆಸಲು ಅಧಿಕಾರ ಕೊಡುವಿರಾ ಎಂದು ಕೇಳಿ, ಅಡ್ಡಗೋಡೆಯ ಮೇಲೆ ದೀಪವಿಟ್ಟಂತಿತ್ತು. 1995ರಲ್ಲಿ ಪುನಃ ಕೇಳಿದಾಗ ಬೇಡವೆಂದವರು ನೂರಕ್ಕೆ 50.58. ಆ ಅರ್ಧಾಂಶದ ಹೆದರಿಕೆಯಿಂದ ಕೆನಡದ ಪಾರ್ಲಿಮೆಂಟು 2000ದಲ್ಲಿ, ಪ್ರಶ್ನೆ ಸ್ಪಷ್ಟವಾಗಿರಬೇಕು, ಬಹುಮತವೂ ಸ್ಪಷ್ಟವಾಗಿರಬೇಕು ಎಂದು ಕಾನೂನನ್ನೇ ಮಾಡಿತು. ಎಷ್ಟಿದ್ದರೆ ಸ್ಪಷ್ಟವೆಂದು ಆ ಕಾನೂನಿನಲ್ಲಿಯೂ ಬರೆದಿಲ್ಲ!

ಇನ್ನು ಬೆಳಗಾವಿಗೆ ಬರೋಣ.

1953ರಲ್ಲಿ ನೇಮಕವಾದ ರಾಜ್ಯ ಪುನರ್ವಿಂಗಡಣಾ ಆಯೋಗವು ಮತಗಟ್ಟೆಗಳನ್ನು ತೆರೆಯಲಿಲ್ಲ. ಅದಕ್ಕೆ ಬಂದ ಮನವಿಗಳು ಮತ್ತು ದಾಖಲೆಗಳು 1,52,250. ಭೇಟಿಯಾದವರು ಒಂಬತ್ತು ಸಾವಿರಕ್ಕೂ ಮೇಲೆ. ಅದರ ಶಿಫಾರಸಿನ ಪ್ರಕಾರ ಚಂದಗಡ ತಾಲ್ಲೂಕನ್ನು ಬಿಟ್ಟು ಉಳಿದ ಬೆಳಗಾವಿ ಜಿಲ್ಲೆಯು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಮಹಾರಾಷ್ಟ್ರದ ಪಕ್ಷವು ನಾಲ್ಕು ತತ್ತ್ವಗಳ ಮೇಲೆ ನಿಂತಿದೆ: ಗ್ರಾಮವೇ ಘಟಕ, ಭೌಗೋಳಿಕ ಸಾಮೀಪ್ಯ, ಭಾಷಿಕ ಬಹುಮತ, ಜನರ ಇಚ್ಛೆ. 1966ರಲ್ಲಿ ನೇಮಕವಾಗಿ ಮರುವರ್ಷ ವರದಿ ಕೊಟ್ಟ ಮಹಾಜನ ಆಯೋಗವು ಬೆಳಗಾವಿಯನ್ನು ನಮ್ಮಲ್ಲಿಯೇ ಉಳಿಸಿ, ನಿಪ್ಪಾಣಿ, ಖಾನಾಪುರಗಳೇ ಮೊದಲಾದ 264 ಊರುಗಳನ್ನು ಮಹಾರಾಷ್ಟ್ರಕ್ಕೂ, 247 ಊರುಗಳನ್ನು ಮೈಸೂರಿಗೂ ಶಿಫಾರಸು ಮಾಡಿತು. ಮೈಸೂರು ಒಪ್ಪಿತು, ಮಹಾರಾಷ್ಟ್ರ ಒಪ್ಪಲಿಲ್ಲ. 2004ರಲ್ಲಿ ವ್ಯಾಜ್ಯವು ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೇರಿತು.

ಜನರ ಇಚ್ಛೆಯೆಂಬ ನಾಲ್ಕನೆಯ ತತ್ತ್ವಕ್ಕೆ ಮಹಾರಾಷ್ಟ್ರದವರು ಕೊಡುತ್ತ ಬಂದ ಸಾಕ್ಷಿಯೆಂದರೆ ಮಹಾರಾಷ್ಟ್ರ ಏಕೀಕರಣ ಸಮಿತಿಯು 1957ರಿಂದ ಗಡಿಭಾಗದಲ್ಲಿ ಗೆದ್ದ ಚುನಾವಣೆಗಳು. ಇದಕ್ಕೆ ನಮ್ಮ ಪಕ್ಷದ ಉತ್ತರ ಗೋವೆಯಲ್ಲಿದೆ. ವಿಲೀನವಾದಿ ಪಕ್ಷಕ್ಕೆ ಬಿದ್ದ ಮತವೆಲ್ಲ ವಿಲೀನಕ್ಕೆ ಬಿದ್ದ ಮತವಲ್ಲವೆಂದು ಅಲ್ಲಿ ಸಿದ್ಧವಾಗಿದೆ. ಈ ಉತ್ತರವನ್ನು ನಮ್ಮಲ್ಲಿ ಅನೇಕರು ಉತ್ಸಾಹದಿಂದ ಕೊಡುತ್ತಾರೆ. ಆದರೆ 2018ರಲ್ಲಿಯೂ 2023ರಲ್ಲಿಯೂ ಸಮಿತಿಯು ಒಂದು ಸ್ಥಾನವನ್ನೂ ಗೆಲ್ಲದಿದ್ದಾಗ, ಗಡಿಭಾಗದ ಮರಾಠಿಗರು ಕರ್ನಾಟಕವನ್ನು ಮನಸಾರೆ ಒಪ್ಪಿದರೆಂದು ಅದೇ ಉತ್ಸಾಹದಿಂದ ಬರೆದವರೂ ನಾವೇ. ಗೆಲುವು ಸಾಕ್ಷಿಯಲ್ಲವಾದರೆ ಸೋಲೂ ಸಾಕ್ಷಿಯಲ್ಲ. ಜಮೆಯ ಕಡೆಗೆ ಒಂದು ನಿಯಮ, ಖರ್ಚಿನ ಕಡೆಗೆ ಇನ್ನೊಂದು ನಿಯಮ ಮಾಡಿಕೊಂಡರೆ ಲೆಕ್ಕ ತಾಳೆಯಾಗದು. ಕನ್ನಡದ ಪಕ್ಷವು ದುರ್ಬಲವಾಗುವುದೆಂಬ ಭೀತಿಯಿಂದ ಈ ಮಾತನ್ನು ನುಂಗಿಕೊಳ್ಳುವುದು ಸಂಶೋಧನೆಯ ಹೆಸರಿನ ಪತ್ರಿಕೆಗೆ ಶೋಭಿಸದೆಂದು ನನ್ನ ನಂಬಿಕೆ.

ಹಾಗಾದರೆ ಗೋವೆಯಂತೆ ನೇರವಾಗಿಯೇ ಕೇಳಿಬಿಡಬಾರದೆ? ಗೋವೆಗೂ ಬೆಳಗಾವಿಗೂ ಒಂದು ದೊಡ್ಡ ಭೇದವಿದೆ. ಗೋವೆಯ ಮೇರೆಯನ್ನು ಪೋರ್ತುಗೀಜರು ಎಷ್ಟೋ ಕಾಲದ ಹಿಂದೆಯೇ ಎಳೆದಿದ್ದರು. ಯಾರನ್ನು ಕೇಳಬೇಕೆಂಬುದರಲ್ಲಿ ತಕರಾರಿರಲಿಲ್ಲ. ಬೆಳಗಾವಿಯಲ್ಲಿ ವಿವಾದವಿರುವುದೇ ಮೇರೆಯ ಬಗ್ಗೆ. ಎಣಿಸುವ ಘಟಕವು ನಗರವಾದರೆ ಒಂದು ಫಲ, ತಾಲ್ಲೂಕಾದರೆ ಇನ್ನೊಂದು, ಜಿಲ್ಲೆಯಾದರೆ ಮತ್ತೊಂದು. ಯೂರೋಪಿನವರು ಇದನ್ನು 1920ರಲ್ಲಿಯೇ ಅನುಭವಿಸಿದರು. ಡೆನ್ಮಾರ್ಕಿಗೂ ಜರ್ಮನಿಗೂ ನಡುವಣ ಶ್ಲೆಸ್ವಿಗ್ ಪ್ರಾಂತದಲ್ಲಿ ಉತ್ತರವಲಯದ ಮತಗಳನ್ನು ಒಟ್ಟಾಗಿಯೂ, ದಕ್ಷಿಣದ ವಲಯದವನ್ನು ಊರೂರಿಗೆ ಬೇರೆಯಾಗಿಯೂ ಎಣಿಸಿದರು. ಒಟ್ಟಾಗಿ ಎಣಿಸಿದ ವಲಯದಲ್ಲಿ ನೂರಕ್ಕೆ ಸುಮಾರು 75 ಡೆನ್ಮಾರ್ಕಿನ ಪರ. ಅದರೊಳಗೇ ಟೋನ್ಡರ್‌ನಂಥ ಪಟ್ಟಣಗಳು ಜರ್ಮನಿಗೆ ಮತ ಕೊಟ್ಟು ಡೆನ್ಮಾರ್ಕಿಗೆ ಸೇರಿದುವು. ಪಟ್ಟಣದವರು ಒಂದು ಹೇಳಿ ಸುತ್ತಣ ಹಳ್ಳಿಯವರು ಇನ್ನೊಂದು ಹೇಳಿದಾಗ ಏನು ಮಾಡಬೇಕೆಂದು ಮತಗಳು ತಾವೇ ಹೇಳಲಾರವು. ಎಣಿಸುವ ಮೊದಲು ಯಾರೋ ಕುಳಿತು ನಿಶ್ಚಯಿಸಿರಬೇಕು. ಬೆಳಗಾವಿಯ ವ್ಯಾಜ್ಯವನ್ನು ಜನಮತಗಣನೆಯಿಂದ ಮುಗಿಸಬಹುದೆನ್ನುವವರು ಆ ನಿಶ್ಚಯವನ್ನು ಯಾರಿಗೆ ಬಿಡುವರು? ಅದನ್ನು ಒಪ್ಪುವಷ್ಟು ಪರಸ್ಪರ ವಿಶ್ವಾಸ ಎರಡು ರಾಜ್ಯಗಳಿಗಿದ್ದರೆ ಮತದಾನದ ಅಗತ್ಯವೇ ಬೀಳುತ್ತಿರಲಿಲ್ಲ.

ಪಟ್ಟಿಯ ಪ್ರಶ್ನೆ ಇನ್ನೂ ಜಟಿಲ. ಯಾವ ವರ್ಷದ ಬೆಳಗಾವಿಯನ್ನು ಕೇಳಬೇಕು? 1956ರಲ್ಲಿ ವಿಧಿಯೊದಗಿ ಬಂದವರನ್ನೋ, ಅನಂತರದ ಏಳು ದಶಕಗಳಲ್ಲಿ ನೌಕರಿಗೆಂದು, ಉದ್ಯಮಕ್ಕೆಂದು ಬಂದು ನಿಂತವರನ್ನೋ? 1935ರಲ್ಲಿ ಸಾರ್ ಪ್ರಾಂತದಲ್ಲಿ ಮತದಾನ ನಡೆದಾಗ 1919ರಲ್ಲಿ ಸಂಧಿಗೆ ಸಹಿಬಿದ್ದ ದಿನ ಅಲ್ಲಿ ವಾಸವಾಗಿದ್ದವರಿಗಷ್ಟೇ ಹಕ್ಕು. ನ್ಯೂ ಕ್ಯಾಲಿಡೋನಿಯದಲ್ಲಿಯೂ ಹಳೆಯ ನಿವಾಸಿಗಳಿಗೆ ಮಾತ್ರವೆಂದು ಪಟ್ಟಿಯನ್ನು ಹೆಪ್ಪುಗಟ್ಟಿಸಿದ್ದರು. ಪ್ರಾಂತೀಯ ಚುನಾವಣೆಯ ಇಂಥದೇ ಪಟ್ಟಿಯನ್ನು ಸಡಿಲಿಸಹೊರಟಾಗ 2024ರಲ್ಲಿ ಅಲ್ಲಿ ರಕ್ತ ಹರಿಯಿತು. 1921ರ ಮೇಲಣ ಸೈಲೀಷಿಯದಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಹುಟ್ಟಿ ಬೇರೆಡೆ ನೆಲಸಿದ್ದವರಿಗೂ ಮತವಿದ್ದು, ಒಂದೂವರೆ ಲಕ್ಷಕ್ಕೂ ಮಿಕ್ಕಿದ ಜನ ರೈಲುಗಾಡಿಗಳಲ್ಲಿ ಬಂದು ಮತ ಹಾಕಿ ಹೋದರು. ಸ್ಕಾಟ್ಲೆಂಡಿನಲ್ಲಿ ಎಡಿನ್‌ಬರೋದಲ್ಲಿ ಮನೆ ಮಾಡಿದ್ದ ಪೋಲೆಂಡಿನವನಿಗೆ ಮತ; ಲಂಡನ್ನಿನಲ್ಲಿದ್ದ ಸ್ಕಾಟನಿಗೆ ಇಲ್ಲ. ಗೋವೆಯಲ್ಲಿಯೂ, ಹೊರಗೆ ನೆಲಸಿದ ಗೋವೆಯವರಿಗೆ ಮತ ಕೊಡಬೇಕೆಂಬ ಬೇಡಿಕೆ ಎದ್ದಿತ್ತು. ಸಾವಿರಾರು ಗೋವೆಯವರು ಇದೇ ಮುಂಬಯಿಯ ಧೋಬಿತಲಾವು, ಮಝಗಾಂವ್‌ಗಳಲ್ಲಿದ್ದರು. ದಿಲ್ಲಿ ಒಪ್ಪಲಿಲ್ಲ. ತಮ್ಮ ಊರಿನ ಭವಿಷ್ಯವನ್ನು ಅವರು ಪತ್ರಿಕೆಗಳಲ್ಲಿ ಓದಿ ತಿಳಿದುಕೊಂಡರು.

ಇದೆಲ್ಲವನ್ನೂ ಬರೆದುಕೊಂಡು ಕಳೆದ ವಾರ ಆ ಹಿರಿಯರ ಮನೆಗೆ ಹೋಗಿದ್ದೆನು. ಅವರು ಸಾವಧಾನವಾಗಿ ಕೇಳಿದರು. ಶ್ಲೆಸ್ವಿಗ್ಗಿನ ಲೆಕ್ಕ ಅವರಿಗೆ ಅಷ್ಟಾಗಿ ಹಿಡಿಸಲಿಲ್ಲ. "ಅದೆಲ್ಲ ದೂರದ ಮಾತು" ಎಂದರು. ಪಟ್ಟಿಯ ಮಾತು ಬಂದಾಗ ಮಾತ್ರ ಕನ್ನಡಕವನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಖಾನಾಪುರದ ಮನೆಯನ್ನು ತಮ್ಮಂದಿರಿಗೆ ಬಿಟ್ಟುಕೊಟ್ಟಿದ್ದಾರೆ; ಅವರ ಹೆಸರು ಅಲ್ಲಿಯ ಮತದಾರರ ಪಟ್ಟಿಯಿಂದ ಹೋಗಿ ನಾಲ್ವತ್ತು ವರ್ಷಗಳಾದುವು. "ಅಂದ್ರ ನಾನು ಹೇಳಿದ ಮತದಾನದಾಗ ನನಗ ಮತ ಇಲ್ಲಂದಂಗಾತು" ಎಂದರು. ಗೋವೆಯ ಕ್ರಮವನ್ನು ಅನುಸರಿಸಿದರೆ ಇಲ್ಲ, ಸೈಲೀಷಿಯದ ಕ್ರಮವಾದರೆ ಇದೆ ಎಂದೆನು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಿದ್ರ ಆ ಕ್ರಮ ಯಾವುದಂತ ಮೊದಲ ಕೇಳಬೇಕಲ್ರೀ" ಎಂದು ಹೇಳಿ, ಚಹಾ ತರಲು ಒಳಗೆ ಕೂಗಿದರು.